ಹಾಸ್ಟೆಲ್ ಕೋಗಿಲೆ

ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಎಲ್ಲರೂ ಬರೆದದ್ದು ಹಕ್ಕಿಗಳ ಬಗ್ಗೆಯೇ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಅವರು ನಮಗೆ ಕಲಿಸಿದ್ದು ರಸಾಯನಶಾಸ್ತ್ರ. ನನಗಂತೂ ಲ್ಯಾಬಿನ ಕೊಳೆತ ಮೊಟ್ಟೆ ವಾಸನೆ ಬಿಟ್ಟು ಇನ್ನೇನೂ ಉಳಿದಿಲ್ಲ.

1990ರ ದಶಕದ ಮಾತು. ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಇರಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಕುವೆಂಪು ವಾಕಿಂಗ್ ಮಾಡುತ್ತಿದ್ದ ಜಾಗ, ಇವೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಇದ್ದದ್ದು ಒಂದೇ ಬೈನಾಕ್ಯುಲರ್, ಅದೂ ಅವರದ್ದೇ. ನಾವು ನಡುಗಡ್ಡೆಯ ಮರದ ಮೇಲಿನ ಹೆಜ್ಜಾರ್ಲೆ ನೋಡುತ್ತಾ ಬಾಯಿಬಿಟ್ಟು ನಿಂತರೆ ಅವರು ಹಿಂದಿನಿಂದ ಕೇಳುತ್ತಿದ್ದದ್ದು, ‘ಕಾಗೆ ಎಷ್ಟು? ಗೊರವಂಕ ಬರ್ಕೊಂಡ್ಯಾ?’

‘ಕಾಗೆ ಯಾರು ಸಾರ್ ಎಣಿಸ್ತಾರೆ?’

‘ಅದಕ್ಕೇ ನಾವು ಎಣಿಸ್ಬೇಕು ಕಣಯ್ಯಾ. ನಾಳೆ ಕಡಿಮೆಯಾದ್ರೆ ಯಾರಿಗೆ ಗೊತ್ತಾಗುತ್ತೆ?’

ಕಂಡಿದ್ದು, ಕೂಗು ಕೇಳಿದ್ದು, ಎಲ್ಲವೂ ನೋಟ್‌ಬುಕ್ಕಿಗೆ ಹೋಗಬೇಕು. ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಮೋಡ ಇತ್ತೋ ಇಲ್ಲವೋ ಅದೂ ಸಹ. ಏಷ್ಯಾದ ನೀರಹಕ್ಕಿ ಗಣತಿ ಶುರುವಾದದ್ದು 1987ರಲ್ಲಿ. ಜನವರಿ ಬಂದರೆ ಮೇಷ್ಟ್ರಿಗೆ ಅದೇ ಹಬ್ಬ. ನೀರುಕಾಗೆ, ನಾಮದಕೋಳಿ ಎಣಿಸಿ ಎಣಿಸಿ ನಮ್ಮ ಕಣ್ಣು ಉರಿಯುತ್ತಿತ್ತು. ಅವರು ಮಾತ್ರ ಇನ್ನೊಂದು ಸಲ ಎಣಿಸೋಣ ಅನ್ನುತ್ತಿದ್ದರು.

ಪಾಠದ ನಡುವೆ ಹೊರಗೆ ಹಕ್ಕಿ ಕೂಗಿದರೆ ಸೀಮೆಸುಣ್ಣ ಕೆಳಗಿಟ್ಟು ಜೇಬಿನ ಚೀಟಿಯಲ್ಲಿ ಗುರುತು ಹಾಕಿಕೊಳ್ಳುವುದು ಅವರ ಅಭ್ಯಾಸ. ಇದನ್ನು ಗಮನಿಸಿದ್ದ ನಮ್ಮ ಗೆಳೆಯನೊಬ್ಬ, ಮಿಮಿಕ್ರಿಯಲ್ಲಿ ಎತ್ತಿದ ಕೈ, ಒಂದು ಡಿಸೆಂಬರ್ ಬೆಳಿಗ್ಗೆ ಕಿಟಕಿ ಕೆಳಗೆ ಕೂತು ‘ಕುಹೂ ಕುಹೂ’ ಅಂತ ಏರುದನಿಯಲ್ಲಿ ಶುರು ಮಾಡಿಯೇಬಿಟ್ಟ. ಮೇಷ್ಟ್ರು ನಿಂತರು. ನಾವೆಲ್ಲ ಉಸಿರು ಬಿಗಿಹಿಡಿದು ಕೂತೆವು. ಅವರು ಬೋರ್ಡ್ ಕಡೆಯಿಂದ ತಿರುಗದೆಯೇ, ‘ಮಾವು ಚಿಗುರೋ ಮುಂಚೆ ಇಷ್ಟು ಜೋರಾಗಿ ಕೂಗೋದು ಹಾಸ್ಟೆಲ್ ಕೋಗಿಲೆ ಮಾತ್ರ. ಅದಕ್ಕೆ ಇವತ್ತು ಅಟೆಂಡೆನ್ಸ್ ಇಲ್ಲ’ ಎಂದರು. ಈ ಕೋಗಿಲೆ ಆಮೇಲೆ ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತವಾಯಿತು. ಅಂತ್ಯಕ್ರಿಯೆಯಲ್ಲಿ ಎಲ್ಲರಿಗಿಂತ ಜಾಸ್ತಿ ಅತ್ತದ್ದೂ ಅವನೇ.

ಈಗ ಕಂಡ ಹಕ್ಕಿಗಳ ಪಟ್ಟಿಯನ್ನು ಆನ್‌ಲೈನಿನಲ್ಲಿ ಹಾಕುವ ಇ-ಬರ್ಡ್ ಬಂದಿದೆ. ಪಟ್ಟಿ ಹಾಕುವಾಗ ಅದು ಕೇಳುವ ಪ್ರಶ್ನೆಯೂ ಅದೇ: ಗುರುತಿಸಿದ ಹಕ್ಕಿಗಳೆಲ್ಲ ಇದರಲ್ಲಿ ಇವೆಯಾ? ಮೇಷ್ಟ್ರ ದನಿಯೇ ಕೇಳಿದ ಹಾಗಾಗುತ್ತದೆ. 2023ರಲ್ಲಿ ಬಂದ ದೇಶದ ಹಕ್ಕಿಗಳ ವರದಿ 30 ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ಹಾಕಿದ ಪಟ್ಟಿಗಳ ಮೇಲೆ ನಿಂತಿದೆ. ಅದರಲ್ಲಿ 942 ಜಾತಿಯ ಹಕ್ಕಿಗಳ ಲೆಕ್ಕವಿದೆ. ಕೋಗಿಲೆ ಹೆಚ್ಚಾಗಿದೆಯಂತೆ, ನಮ್ಮವನನ್ನು ಬಿಟ್ಟು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಆ 30 ಸಾವಿರದಲ್ಲಿ ನಾನೂ ಒಬ್ಬ. ನಮ್ಮ ಬಡಾವಣೆಯ ಹುಡುಗರು ಹಕ್ಕಿ ಹೆಸರು ಕೇಳಿಕೊಂಡು ನಮ್ಮ ಮನೆಗೇ ಬರುತ್ತಾರೆ.

ಆ ಹುಡುಗರ ಕ್ಯಾಮೆರಾ ನೋಡಿದರೆ ನನ್ನ ಸ್ಕೂಟರಿಗಿಂತ ದುಬಾರಿ. ಫೆಬ್ರವರಿಯಲ್ಲಿ ನಾಲ್ಕು ದಿನ ಕ್ಯಾಂಪಸ್ ಹಕ್ಕಿ ಗಣತಿ ನಡೆಯುತ್ತದೆ, ಹದಿನೈದು ನಿಮಿಷ ನಿಂತು ಎಣಿಸಿದರೆ ಸಾಕು ಅಂದರೆ, ‘ಸರ್ಟಿಫಿಕೇಟ್ ಕೊಡ್ತಾರಾ ಅಂಕಲ್?’ ಅನ್ನುತ್ತಾರೆ. ಅವರದ್ದೂ ತಪ್ಪಲ್ಲ ಬಿಡಿ. ವರ್ಷಪೂರ್ತಿ ಇಂಟರ್ನಲ್ಸು, ಅಸೈನ್‌ಮೆಂಟು ಅಂತ ಓಡಿಸಿದರೆ ಕಾಗೆ ಎಣಿಸುವ ಪುರುಸೊತ್ತು ಎಲ್ಲಿಂದ ಬರಬೇಕು?

ಮೇಷ್ಟ್ರ ನೋಟ್‌ಬುಕ್ಕುಗಳನ್ನು ಅವರ ಮಗಳು ನನಗೆ ಕೊಟ್ಟಿದ್ದಾರೆ. ಹಳೆಯ ಪಟ್ಟಿಗಳನ್ನೂ ಇ-ಬರ್ಡಿಗೆ ಸೇರಿಸಬಹುದು. ತಾರೀಖು, ಹೊತ್ತು ಎಲ್ಲ ಬರೆದಿಟ್ಟಿರುವುದರಿಂದ ಕೆಲಸ ಸುಲಭ. ಆದರೆ ನಡುವೆ ಕೆಲವು ಹಾಳೆಗಳು ಇಲ್ಲ, ನಮ್ಮವರೇ ಯಾರೋ ಕಾಪಿ ಮಾಡಿಕೊಳ್ಳಲು ಒಯ್ದು ವಾಪಸ್ ಕೊಟ್ಟಿಲ್ಲ. ಅಟ್ಟದ ಮೇಲಿನ ಟ್ರಂಕು ಒಂದು ಸಲ ತೆಗೆದು ನೋಡಿ. ಸಿಕ್ಕರೆ ಫೋಟೊ ಹೊಡೆದು ಕಳಿಸಿ, ಮೂಲ ನೀವೇ ಇಟ್ಟುಕೊಳ್ಳಿ.