ಮೋಡದ ಮೇಲಿನಿಂದ ಕೃಷ್ಣೆಯ ನೆರೆ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಉಕ್ಕಿ ಹರಿದಾಗಿನ ಉಪಗ್ರಹ ಚಿತ್ರಗಳನ್ನು ಈಚೆಗೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದು ನೋಡುತ್ತಿದ್ದೇನೆ. ಮಳೆಗಾಲದಲ್ಲಿ ಸಾಮಾನ್ಯ ಕ್ಯಾಮೆರಾ ಚಿತ್ರಗಳಲ್ಲಿ ಬರೀ ಮೋಡ. ಸೆಂಟಿನೆಲ್-1 ಉಪಗ್ರಹದ ರೇಡಾರ್ ಅಲೆಗಳಾದರೋ ಮೋಡವನ್ನು ದಾಟುತ್ತವೆ, ನಿಂತ ನೀರು ಅವನ್ನು ಕನ್ನಡಿಯಂತೆ ಆಚೆಗೆ ಹೊರಳಿಸುವುದರಿಂದ ಮುಳುಗಿದ ನೆಲ ಕಪ್ಪಾಗಿ ಕಾಣುತ್ತದೆ. ತೊಡಕಿರುವುದು ಕಬ್ಬಿನ ಗದ್ದೆಗಳಲ್ಲಿ: ನೀರಿನ ಮೇಲೆ ಎದ್ದು ನಿಂತ ಪೈರು ಅಲೆಗಳನ್ನು ಉಪಗ್ರಹದತ್ತಲೇ ಮರಳಿಸುವುದರಿಂದ, ಬುಡದಲ್ಲಿ ನೀರು ತುಂಬಿದ ಗದ್ದೆಯೂ ಒಣನೆಲದಂತೆ ತೋರಬಹುದು. ನೆರೆಗೆ ಮುಂಚಿನ ಚಿತ್ರದೊಡನೆ ಹೋಲಿಸಿ, ನೆಲದ ಎತ್ತರದ ದತ್ತಾಂಶವನ್ನೂ ಊರುಗಳ ಗಡಿಯನ್ನೂ ಮೇಲೆ ಹೊಂದಿಸಿದ ಬಳಿಕವೇ ಎಲ್ಲೆಲ್ಲಿ ನೆರೆಯ ಅಪಾಯವಿದೆಯೆಂದು ತೋರುವ ನಕ್ಷೆಯ ಮಾತು. ಒಂದೇ ವರ್ಷದ ನೆರೆಯ ಗೆರೆಯನ್ನು ಅಪಾಯದ ಗೆರೆಯೆಂದು ಬಗೆಯುವುದು ನನಗಂತೂ ಒಪ್ಪಿಗೆಯಿಲ್ಲ; ನದಿಯ ಮೇಲ್ಭಾಗದ ಅಣೆಕಟ್ಟುಗಳಿಂದ ಬಿಡುವ ನೀರು ಹೆಚ್ಚುಕಡಿಮೆಯಾದರೆ ಆ ಗೆರೆಯೂ ಸರಿಯುತ್ತದೆ.