ನನ್ನ ಕಥೆಯ ರಾಜ್ಯಕ್ಕೊಂದು ಸೇನಾ ಕಾಲೇಜು

ನಾನು ಬರೆಯುತ್ತಿರುವ ಕಥೆಯ ರಾಜ್ಯಕ್ಕೆ ಸೇನಾಧಿಕಾರಿಗಳ ಕಾಲೇಜೊಂದು ಬೇಕಿತ್ತು. ಮೊದಲು ಬರೆದದ್ದು ದೊಡ್ಡ ಕಟ್ಟಡ, ಕತ್ತಿವರಸೆ, ಕುದುರೆ ಸವಾರಿ, ಅಷ್ಟೇ. ಆಮೇಲೆ ನಿಜವಾದ ಚರಿತ್ರೆ ಓದಿದೆ. ಎಲ್ಲವನ್ನೂ ಅಳಿಸಿ ಮತ್ತೆ ಶುರು ಮಾಡಿದೆ.

ಇಂಥ ಶಾಲೆಗಳು ಹುಟ್ಟಿದ್ದರಲ್ಲಿ ಫಿರಂಗಿಯ ಪಾಲು ಜಾಸ್ತಿ. ಕುದುರೆ ದಳ ನಡೆಸೋಕೆ ದೊಡ್ಡ ಮನೆತನ, ಒಂದಿಷ್ಟು ಧೈರ್ಯ ಇದ್ದರೆ ಸಾಕು ಅಂತ ನಂಬಿದ್ದ ಕಾಲ ಅದು, ಆದರೆ ಗುಂಡು ಎಲ್ಲಿ ಬೀಳುತ್ತದೆ ಅಂತ ಹೇಳೋಕೆ ಲೆಕ್ಕ ಬರಲೇಬೇಕು ಅಲ್ವಾ? ಬ್ರಿಟನ್ನಿನ ವುಲಿಚ್‌ನಲ್ಲಿ 1741ರಲ್ಲಿ ಶುರುವಾದ ಶಾಲೆ ಫಿರಂಗಿ ದಳದವರಿಗೆ ಮತ್ತು ಎಂಜಿನಿಯರುಗಳಿಗೆ. ಅದೇ ಸೇನೆಯ ಕಾಲಾಳು ಮತ್ತು ಕುದುರೆ ದಳಗಳಲ್ಲಿ ದುಡ್ಡು ಕೊಟ್ಟು ಹುದ್ದೆ ಕೊಳ್ಳುವ ಪದ್ಧತಿ 1871ರವರೆಗೂ ಇತ್ತು! ಇದು ನನ್ನನ್ನು ತುಂಬಾ ಕಾಡಿತು.

ಇನ್ನೊಂದು ಕಾರಣ ಸೋಲು. 1806ರಲ್ಲಿ ಯೆನಾದಲ್ಲಿ ನೆಪೋಲಿಯನ್ ಕೈಯಲ್ಲಿ ಪ್ರಷ್ಯಾ ಅನ್ನೋ ಜರ್ಮನ್ ರಾಜ್ಯ ನುಚ್ಚುನೂರಾಯಿತು. 1808ರಲ್ಲಿ ಅಲ್ಲಿ ಅಧಿಕಾರಿಯಾಗೋಕೆ ಹುಟ್ಟಿದ ಮನೆತನ ಅಲ್ಲ, ತಿಳಿವಳಿಕೆ ಮತ್ತು ಶೌರ್ಯ ಮುಖ್ಯ ಅಂತ ಹೊಸ ನಿಯಮ ಬಂತು, 1810ರಲ್ಲಿ ಬರ್ಲಿನ್‌ನಲ್ಲಿ ಸೇನಾ ಸುಧಾರಕ ಶಾರ್ನ್‌ಹಾರ್ಸ್ಟ್ ನೇತೃತ್ವದಲ್ಲಿ ಯುದ್ಧ ಶಾಲೆ ತೆರೆಯಿತು. ಆದರೂ ಮನೆತನದವರ ಹಿಡಿತ ಬೇಗ ಸಡಿಲವಾಗಲಿಲ್ಲ.

ಹಾಗಾಗಿ ನನ್ನ ರಾಜನೂ ಸೋತ ಮೇಲೆಯೇ, ಮನಸ್ಸಿಲ್ಲದ ಮನಸ್ಸಿನಿಂದ, ಕಾಲೇಜಿಗೆ ಒಪ್ಪುತ್ತಾನೆ. ಕಟ್ಟಡವೇನೂ ಇಲ್ಲ, ಹಳೆಯ ಸಿಡಿಮದ್ದಿನ ಮನೆಯಲ್ಲೇ ಪಾಠ. ಮೊದಲ ತಂಡದಲ್ಲಿ ಒಬ್ಬ ಕಮ್ಮಾರನ ಮಗ ಇದ್ದಾನೆ, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ. ಊಟಕ್ಕೆ ಅವನ ಪಕ್ಕ ಯಾರೂ ಕೂರುವುದಿಲ್ಲ. ಈಗ ಆ ದೃಶ್ಯವನ್ನೇ ಬರೆಯುತ್ತಿದ್ದೇನೆ.