ಚಂಡೀಗಢ ನೋಡುವವರು ಇಪ್ಪತ್ತೆರಡನೇ ಸೆಕ್ಟರಿನಿಂದ ಶುರುಮಾಡಿ

ದೆಹಲಿಯಿಂದ ಚಂಡೀಗಢಕ್ಕೆ ಖಾಸಗಿ ಬಸ್ಸಿನಲ್ಲಿ ಹೋಗುವವರು ಟಿಕೆಟ್ ತೆಗೆಯುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಊರೊಳಗೆ ಬಿಡುತ್ತಾರೋ, ಜೀರಕ್‌ಪುರದಲ್ಲೇ ಇಳಿಸುತ್ತಾರೋ? ನಾನು ಕೇಳಲಿಲ್ಲ. ಟಿಕೆಟ್ಟಿನಲ್ಲಿ ಸೆಕ್ಟರ್ 43ರ ಬಸ್ ನಿಲ್ದಾಣ ಅಂತಲೇ ಇತ್ತು, 850 ರೂಪಾಯಿ ಕೊಟ್ಟಿದ್ದೆ. ಬುಕ್ ಮಾಡಿದ ಬಸ್ಸಿನ ಬದಲು ಬೇರೊಂದು ಬಂತು. ಅಂಬಾಲಾ ತಲುಪುವಷ್ಟರಲ್ಲಿ ಎಸಿ ನಿಂತಿತು. ರಾತ್ರಿ ಹನ್ನೊಂದೂವರೆಗೆ ಜೀರಕ್‌ಪುರದ ಫ್ಲೈಓವರ್ ಕೆಳಗೆ ಎಲ್ಲರನ್ನೂ ಇಳಿಸಿ, ಒಳಗೆ ಹೋಗಲು ಪರ್ಮಿಟ್ ಇಲ್ಲ ಎಂದುಬಿಟ್ಟರು. ಇಬ್ಬರು ಮುದುಕರು ಪೆಟ್ಟಿಗೆ ಹಿಡಿದುಕೊಂಡು ಹೆದ್ದಾರಿ ದಾಟಿದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಅಲ್ಲಿಂದ ಆಟೊಗೆ ಇನ್ನೂ 400. ವಾಪಸ್ ಬರುವಾಗ ಸೆಕ್ಟರ್ 43ರಿಂದ ಸಾಮಾನ್ಯ ಸರ್ಕಾರಿ ಬಸ್ಸು ಹಿಡಿದೆವು. ದುಡ್ಡೂ ಕಡಿಮೆ, ಕಾಶ್ಮೀರಿ ಗೇಟಿನ ನಿಲ್ದಾಣದ ಒಳಗೇ ತಂದು ಬಿಟ್ಟರು. ಅದನ್ನೇ ಹಿಡಿಯಿರಿ.

ನಾನೂ ತಂಗಿಯೂ ಹೋದದ್ದು ಕ್ಯಾಪಿಟಲ್ ಕಾಂಪ್ಲೆಕ್ಸ್ ಎಂಬ ಸರ್ಕಾರಿ ಕಟ್ಟಡಗಳ ಆವರಣ ನೋಡುವುದಕ್ಕೆ. ದೇಶ ವಿಭಜನೆಯಲ್ಲಿ ಲಾಹೋರ್ ಕೈಬಿಟ್ಟ ಮೇಲೆ ಪಂಜಾಬಿಗೆ ಕಾಯಂ ರಾಜಧಾನಿಯೇ ಇರಲಿಲ್ಲ. ಹೊಸ ಊರು ಹಳೆಯ ಸಂಪ್ರದಾಯದ ಕಟ್ಟಿನಿಂದ ಬಿಡಿಸಿಕೊಂಡಿರಬೇಕು, ಸ್ವತಂತ್ರ ದೇಶದ ನಂಬಿಕೆ ಅದರಲ್ಲಿ ಕಾಣಬೇಕು ಎಂದು ನೆಹರೂ ಬಯಸಿದರು. 1951ರಲ್ಲಿ ಫ್ರಾನ್ಸಿನಿಂದ ವಾಸ್ತುಶಿಲ್ಪಿ ಲೆ ಕಾರ್ಬ್ಯೂಸಿಯರ್ ಬಂದು ಹೈಕೋರ್ಟ್, ಸಚಿವಾಲಯ, ವಿಧಾನಸಭೆಗಳನ್ನು ಬರಿಯ ಕಾಂಕ್ರೀಟಿನಲ್ಲಿ ಎಬ್ಬಿಸಿದ. ಗಾರೆಯಿಲ್ಲ, ಬಣ್ಣವೂ ಅಪರೂಪ. ಅದೇ 1951ರಲ್ಲಿ ಅದೇ ನೆಹರೂ ನಮ್ಮ ವಿಧಾನಸೌಧಕ್ಕೂ ಅಡಿಗಲ್ಲು ಇಟ್ಟಿದ್ದರು. ಕೆಂಗಲ್ ಹನುಮಂತಯ್ಯನವರು ಕಲ್ಲು, ಕಂಬ, ಗೋಪುರಗಳ ದಾರಿ ಹಿಡಿದರು, ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಹಣೆಯ ಮೇಲೇ ಬರೆಸಿದರು. ವಿಧಾನಸೌಧ ದೇವಸ್ಥಾನದ ಹಾಗೆ ತಲೆಯೆತ್ತಿಸುತ್ತದೆ. ಚಂಡೀಗಢದಲ್ಲಿ ಗೋಡೆಯ ಮೇಲೆ ಕಾಂಕ್ರೀಟ್ ಸುರಿಯಲು ಕಟ್ಟಿದ ಮರದ ಹಲಗೆಯ ಗುರುತು ಹಾಗೇ ಉಳಿದಿದೆ, ಕೆಲಸದವರು ಈಗಷ್ಟೇ ಎದ್ದು ಹೋದಂತೆ. ಆ ಎರಡನ್ನೂ ಜೊತೆಗಿಟ್ಟುಕೊಂಡು ನೋಡುವ ಆಸೆ ನನಗೆ ಬಹಳ ದಿನಗಳಿಂದ ಇತ್ತು.

ಹೈಕೋರ್ಟಿನ ಮುಂದೆ ಹಸಿರು, ಹಳದಿ, ಕೆಂಪಿನ ಮೂರು ದೊಡ್ಡ ಕಂಬಗಳಿವೆ. ಮೇಲೆ ಎರಡನೆಯ ಚಾವಣಿಯೊಂದು ಕೊಡೆಯಂತೆ ಹರಡಿದೆ. ಎರಡರ ನಡುವೆ ಗಾಳಿಯಾಡಿ ಕೆಳಗಿನ ಕಟ್ಟಡ ತಂಪಾಗಿರಲಿ ಎಂಬ ಲೆಕ್ಕ. ಅದರ ಕೆಳಗೆ ನಿಂತರೆ ನ್ಯಾಯ ಎಂದರೆ ನೆರಳು ಅನ್ನಿಸುತ್ತದೆ, ನನಗಂತೂ ಅನ್ನಿಸಿತು.

ಆದರೆ ಮೋಸ ಹೋದ ಭಾವ ಬಂದದ್ದೂ ಅಲ್ಲೇ. ಹೈಕೋರ್ಟಿಗೂ ವಿಧಾನಸಭೆಗೂ ನಡುವಿನ ಬಯಲನ್ನು ಮಾಡಿದ್ದೇ ಜನ ನಡೆಯಲೆಂದು, ವಾಹನದ ರಸ್ತೆಯನ್ನು ಬೇಕೆಂದೇ ಕೆಳಗೆ ಇಳಿಸಿದ್ದಾರೆ. ಈಗ ಅಲ್ಲಿ ಮುಳ್ಳುತಂತಿ, ಬ್ಯಾರಿಕೇಡು, ಬಂದೂಕು. ಈ ಕಟ್ಟಡಗಳನ್ನು ಪಂಜಾಬ್ ಮತ್ತು ಹರಿಯಾಣ ಹಂಚಿಕೊಂಡಿವೆ, ಭದ್ರತೆಯ ಕಾರಣ ನನಗೂ ಅರ್ಥವಾಗುತ್ತದೆ. ಆದರೂ 26 ಮೀಟರ್ ಎತ್ತರದ ‘ತೆರೆದ ಕೈ’ ಶಿಲ್ಪದ ಕೆಳಗೆ, ಅದು ಕೊಡಲಿಕ್ಕೂ ತೆರೆದದ್ದು ಪಡೆಯಲಿಕ್ಕೂ ತೆರೆದದ್ದು ಎಂದು ಗೈಡ್ ವಿವರಿಸುತ್ತಿರುವಾಗ, ಕ್ಯಾಮೆರಾ ಒಳಗಿಡಿ ಎಂದು ಪೊಲೀಸರು ಕೂಗಿದರು. ವಿಧಾನಸಭೆಯೊಳಗೆ ನಮ್ಮನ್ನು ಬಿಡಲೇ ಇಲ್ಲ. ಕಾರ್ಬ್ಯೂಸಿಯರ್ ತಾನೇ ಚಿತ್ರ ಬರೆದ ಎನಾಮೆಲ್ ಬಾಗಿಲನ್ನು ದೂರದಿಂದ ನೋಡಿ ಬಂದೆವು.

ಗುಂಪು ಕಟ್ಟಿಕೊಂಡೇ ಹೋಗಬೇಕು, ಒಂಟಿಯಾಗಿ ಬಿಡುವುದಿಲ್ಲ. ನಾವು ಹೋದಾಗ ದಿನಕ್ಕೆ ಮೂರು ಸರದಿ ಇತ್ತು, ದುಡ್ಡು ತೆಗೆದುಕೊಳ್ಳಲಿಲ್ಲ. ಅಸಲು ಗುರುತಿನ ಚೀಟಿ ಒಯ್ಯಿರಿ. ಮೊಬೈಲಿನಲ್ಲಿದ್ದ ಫೋಟೊ ತೋರಿಸಿದ ಹುಡುಗನೊಬ್ಬನನ್ನು ನಮ್ಮೆದುರೇ ವಾಪಸ್ ಕಳಿಸಿದರು. ಬೆಳಗಿನ ಸರದಿಗೇ ಹೋಗಿ. ಮಧ್ಯಾಹ್ನ ಆ ಕಾಂಕ್ರೀಟ್ ಬಯಲು ಕಾದ ಹಂಚು, ಒಂದು ಮರದ ನೆರಳೂ ಸಿಗುವುದಿಲ್ಲ.

ಸಪ್ಪಗಾಗಿ ಸಂಜೆ ಸೆಕ್ಟರ್ 22ಕ್ಕೆ ಬಂದೆವು. ಮೊದಲು ಕಟ್ಟಿದ ಸೆಕ್ಟರುಗಳಲ್ಲಿ ಇದೂ ಒಂದು. ಇಲ್ಲಿ ಕೆಲಸ ಮಾಡಿದ ವಾಸ್ತುಶಿಲ್ಪಿಗಳು ಜೇನ್ ಡ್ರೂ, ಮ್ಯಾಕ್ಸ್‌ವೆಲ್ ಫ್ರೈ ಮತ್ತು ಕಾರ್ಬ್ಯೂಸಿಯರನ ಸೋದರಸಂಬಂಧಿ ಪಿಯರ್ ಜೆನ್ನರೆ. ನಾನು ಈ ಬರಹ ಬರೆಯುತ್ತಿರುವುದೇ ಈ ಬೀದಿಗಳಿಗಾಗಿ. ಕೆಂಪು ಇಟ್ಟಿಗೆಯ ಪುಟ್ಟ ಮನೆಗಳು, ಬಿಸಿಲು ತಡೆದು ಗಾಳಿ ಬಿಡುವ ಇಟ್ಟಿಗೆಯ ಜಾಲಿಗಳು, ನಡೆದೇ ಮುಟ್ಟುವಷ್ಟು ಹತ್ತಿರ ಶಾಲೆ, ಅಂಗಡಿ, ಹುಲ್ಲುಬಯಲು. ಒಂದು ಸೆಕ್ಟರ್ ಅಂದರೆ ಸುಮಾರು 800 ಮೀಟರ್ ಅಗಲ, 1200 ಮೀಟರ್ ಉದ್ದ. ದೊಡ್ಡ ರಸ್ತೆ ದಾಟದೆ ಮಗು ಶಾಲೆಗೆ ಹೋಗಿ ಬರಲಿ ಎಂಬ ಯೋಚನೆ ಅದರ ಹಿಂದಿದೆ. ಆ ಸಂಜೆ ಮಕ್ಕಳು ಹಾಗೇ ಓಡಾಡುತ್ತಿದ್ದರು. ಜವಾನರಿಗೆಂದು ಕಟ್ಟಿದ ಅತಿ ಅಗ್ಗದ ಮನೆಗೂ ಅಡುಗೆಮನೆ, ಬಚ್ಚಲು, ಸ್ವಂತ ಅಂಗಳ ಕೊಟ್ಟಿದ್ದರು. 1950ರ ದಶಕದಲ್ಲಿ ಅದು ಸಣ್ಣ ಮಾತಲ್ಲ.

ಹಾಗೆಂದು ಇಲ್ಲಿ ಎಲ್ಲವೂ ಸಮಾನತೆಯಲ್ಲ. ಸರ್ಕಾರಿ ಮನೆಗಳನ್ನು ಸಂಬಳದ ದರ್ಜೆಯ ಪ್ರಕಾರವೇ ವಿಂಗಡಿಸಿದ್ದಾರೆ. ಉತ್ತರದ ಸೆಕ್ಟರುಗಳಲ್ಲಿ ವಿಶಾಲ ಬಂಗಲೆ, ದಕ್ಷಿಣಕ್ಕೆ ಹೋದಷ್ಟೂ ಮನೆ ಒತ್ತೊತ್ತು. ನಡೆದು ನೋಡಿದರೆ ಮಾತ್ರ ಇದು ಕಾಣುತ್ತದೆ. ಕಾರಿನಲ್ಲಿ ಸುತ್ತಿದರೆ ಎಲ್ಲ ವೃತ್ತಗಳೂ ಒಂದೇ ಥರ.

ಆ ಸೆಕ್ಟರಿನ ಅಂಗಡಿಸಾಲಿನ ಹಿಂಭಾಗದಲ್ಲಿ ಒಂದು ರಾಜ್ಮಾ-ಚಾವಲ್ ಅಂಗಡಿ ಸಿಕ್ಕಿತು. ಹೆಸರಿನ ಬೋರ್ಡಿಲ್ಲ. ನಾಲ್ಕು ಬೆಂಚು, ಎರಡು ದೊಡ್ಡ ಪಾತ್ರೆ. 70 ರೂಪಾಯಿಗೆ ತಟ್ಟೆ ತುಂಬ ಅನ್ನ, ಮೇಲೆ ರಾಜ್ಮಾ, ಒಂದು ಚಮಚ ತುಪ್ಪ, ನಿಂಬೆರಸದಲ್ಲಿ ನೆನೆಸಿದ ಈರುಳ್ಳಿ. ಕಾಳು ನಾಲಿಗೆಯಲ್ಲಿಟ್ಟರೆ ಕರಗುತ್ತಿತ್ತು, ಆದರೂ ಸಿಪ್ಪೆ ಬಿಟ್ಟಿರಲಿಲ್ಲ. ಎರಡನೇ ಸಲ ರಾಜ್ಮಾ ಹಾಕಿ ದುಡ್ಡು ಕೇಳಲಿಲ್ಲ. ತಂಗಿ ಅನ್ನ ಬಿಟ್ಟದ್ದು ನೋಡಿ ಅಂಗಡಿಯಾತ, “ಬೇಟಿ, ಪೂರಾ ಖಾವೊ” ಎಂದು ಅಲ್ಲೇ ನಿಂತ. ಉಣ್ಣದೆ ಏಳಲು ಬಿಡಲಿಲ್ಲ. ಪಕ್ಕದಲ್ಲಿ ಬ್ಯಾಂಕಿನವರು, ಆಟೊದವರು, ಕಾಲೇಜು ಹುಡುಗರು ಒಂದೇ ಬೆಂಚಿನಲ್ಲಿ ಕೂತಿದ್ದರು. ನಾವು ಮೂರು ಮಧ್ಯಾಹ್ನ ಅಲ್ಲೇ ಉಂಡೆವು. ಎರಡು ಗಂಟೆಯ ಮೇಲೆ ಹೋದರೆ ಪಾತ್ರೆ ಖಾಲಿ.

ರಾಕ್ ಗಾರ್ಡನ್‌ಗೆ ಭಾನುವಾರ ಹೋಗಬೇಡಿ. ಕಿರಿದಾದ ದಾರಿಗಳಲ್ಲಿ ತಳ್ಳಾಟ, ನನಗೆ ಉಸಿರು ಕಟ್ಟಿತು, ಅರ್ಧದಲ್ಲೇ ಹೊರಬಂದೆ. ಜನಜಂಗುಳಿ ಸಹಿಸುವವರಿಗೆ ಅದೂ ಬೇಕಾದ ಜಾಗವೇ. ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್, ಕಾಡಿನಲ್ಲಿ ವರ್ಷಗಟ್ಟಲೆ ಗುಟ್ಟಾಗಿ, ಒಡೆದ ಪಿಂಗಾಣಿ, ಬಳೆಚೂರುಗಳಿಂದ ಅದನ್ನು ಕಟ್ಟಿದರು. 1976ರಲ್ಲಿ ಅದು ಜನರಿಗೆ ತೆರೆಯಿತು. ನಕ್ಷೆಯಲ್ಲಿಲ್ಲದ ಜಾಗ ನಕ್ಷೆಯ ಊರಿನಲ್ಲಿ ಉಳಿದುಕೊಂಡದ್ದು ನನಗೆ ಬಹಳ ಹಿಡಿಸಿತು.

ಸೆಕ್ಟರ್ 5ರಲ್ಲಿ ಜೆನ್ನರೆ ವಾಸವಿದ್ದ ಮನೆ ಈಗ ಮ್ಯೂಸಿಯಂ. ನಾವು ಸೋಮವಾರ ಹೋಗಿ ಮುಚ್ಚಿದ ಬಾಗಿಲು ನೋಡಿ ಬಂದು, ಮರುದಿನ ಮತ್ತೆ ಹೋದೆವು. ಸರ್ಕಾರಿ ಕಚೇರಿಗಳಿಗೆಂದು ಮಾಡಿದ ತೇಗದ, ಬೆತ್ತದ ಕುರ್ಚಿಗಳು ಅಲ್ಲಿವೆ. ಇಂಥವೇ ಕುರ್ಚಿಗಳನ್ನು ಕಚೇರಿಗಳು ಗುಜರಿ ಎಂದು ಹೊರಹಾಕಿದವು, ಅವೇ ಹೊರದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋದವು. ಜೆನ್ನರೆ ಚಂಡೀಗಢದಲ್ಲೇ ವರ್ಷಗಟ್ಟಲೆ ಇದ್ದುಬಿಟ್ಟವನು. ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಸುಖ್ನಾ ಕೆರೆಯಲ್ಲಿ ಬಿಟ್ಟಿದ್ದಾರೆ. ಕೆರೆ ಏರಿಗೆ ಬೆಳಗ್ಗೆ ಆರಕ್ಕೆ ಹೋದರೆ ವಾಕಿಂಗ್‌ನವರ ಹೊರತು ಯಾರೂ ಇರುವುದಿಲ್ಲ. ದಾರಿಯಲ್ಲಿ ಕಾಲಡಿಯ ಮ್ಯಾನ್‌ಹೋಲ್ ಮುಚ್ಚಳಗಳನ್ನೂ ನೋಡುತ್ತ ಹೋಗಿ, ಕೆಲವುದರ ಮೇಲೆ ಇಡೀ ಊರಿನ ನಕ್ಷೆ ಎರಕವಾಗಿದೆ.